ಮಲ್ಲಿಗೆ ವಾಸನೆಯ ಫ್ರಿಜ್ಜು

ಬಸವನ ಬಾಗೇವಾಡಿಯಲ್ಲಿ ಅಬಿದಾಳ ಮನೆಯ ಫ್ರಿಜ್ಜು ಅಡುಗೆಮನೆಯಲ್ಲಿಲ್ಲ, ಪಡಸಾಲೆಯಲ್ಲಿದೆ. ಹಾಲು, ಕಾಯಿಪಲ್ಯೆಗೆ ಅದರಲ್ಲಿ ಜಾಗ ಸಿಗುವುದು ಕಡಿಮೆ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮಲ್ಲಿಗೆ, ಕಾಕಡಾ, ಅಬ್ಬೋಲಿಯಿಂದಲೇ ಅದು ತುಂಬಿಹೋಗಿರುತ್ತದೆ. ಗಂಡ ಜೈನುದ್ದೀನ ಮನೆಯ ಮುಂದಿನ ಕಟ್ಟೆಯಲ್ಲಿ ಹೂವಿನ ವ್ಯಾಪಾರ ಮಾಡುತ್ತಿದ್ದ. ಅವನು ತೀರಿಕೊಂಡ ಮೇಲೆ ಅದೇ ಕಟ್ಟೆಯ ಮೇಲೆ ಕೂತು ಹೂ ಕಟ್ಟಿ ಮಾರುವ ಕೆಲಸವನ್ನು ಅಬಿದಾ ಮುಂದುವರಿಸಿದಳು.

ತಮ್ಮ ತೌಸಿಫನನ್ನು ಬೆಳೆಸಿದ್ದೂ ಆ ಹೂವೇ. ಅಪ್ಪ ಹೋದಾಗ ಅವನು ಇನ್ನೂ ಶಾಲೆಗೆ ಹೋಗುವ ಹುಡುಗ. ಅವನನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು, ಮುಂದೆ ಸಿಂದಗಿಗೆ ಕಳಿಸಿ ಐಟಿಐ ಓದಿಸಿದಳು. ಅವನು ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಫ್ರಿಜ್ಜು, ಟಿವಿ, ಫ್ಯಾನಿನ ಅಂಗಡಿ ತೆರೆದ ದಿನ ಬಾಗಿಲ ಮೇಲಿನ ಹಾರ ಕಟ್ಟಿದವಳೂ ಅವಳೇ.

ಜೈನುದ್ದೀನ ಮದುವೆಯ ಮರುವರ್ಷ ತಂದಿದ್ದ ಫ್ರಿಜ್ಜು ಮುದಿಯಾಗಿತ್ತು. ಅದು ಚಾಲೂ ಆದಾಗಲೆಲ್ಲ ಗೋಡೆಯ ಲೈಟು ಒಮ್ಮೆ ಕಣ್ಣು ಮಿಟುಕಿಸುತ್ತಿತ್ತು. ಗೃಹಜ್ಯೋತಿ ಬಂದು ಓಣಿಯ ಬಹಳ ಮಂದಿಗೆ ಬಿಲ್ಲು ಸೊನ್ನೆಯಾದರೂ ಬೇಸಿಗೆಯಲ್ಲಿ ಅಬಿದಾಳ ಯೂನಿಟ್ಟು ಮಿತಿ ದಾಟುತ್ತಿತ್ತು. ಒಂದು ದಿನ ತೌಸಿಫ ಆ ಫ್ರಿಜ್ಜಿನ ಬೆನ್ನ ಮೇಲೆ ಕೈಯಿಟ್ಟು ನೋಡಿದ.

"ಆಪಾ, ಇದು ಒಲಿ ಆದಂಗ ಆಗೇತಿ. ತಂಪ ಮಾಡಾಕ ಹಗಲೂ ರಾತ್ರಿ ಕರೆಂಟ್ ತಿನ್ನಾಕತ್ತೈತಿ. ಹೊಸಾದು ತಗೋ. ಐದು ಸ್ಟಾರಿಂದು. ಹಳೇದನ್ನ ನಾ ಬದಲಿಗೆ ತಗೋತೇನಿ."

"ತಗೊಂಡು ಅದನ್ನೇನ ಮಾಡ್ತಿ?"

"ವಿಜಾಪುರಕ್ಕ ಕಳಸ್ತೇನಿ. ಅಲ್ಲಿ ಗ್ಯಾಸ್ ತಗದು, ಬಿಚ್ಚಿ, ಕಬ್ಬಿಣ ಬ್ಯಾರೆ, ಪ್ಲಾಸ್ಟಿಕ್ ಬ್ಯಾರೆ ಮಾಡ್ತಾರ. ಇಂಥಾವು ಮತ್ತೊಂದು ಮನಿಗಿ ಹೋಗಬಾರದು ಆಪಾ. ಹೋದ್ರ ಅಲ್ಲೂ ಇಷ್ಟ ತಿಂತಾವು. ಆ ಗ್ಯಾಸ್ ಹವಾಕ್ಕೂ ಚೊಲೋ ಅಲ್ಲ."

ಆ ಮಾತು ಅಬಿದಾಳ ಮನಸ್ಸಿಗೆ ಹಿಡಿಸಿತು. ಹೊಸ ಫ್ರಿಜ್ಜಿನ ಬಾಗಿಲ ಮೇಲಿನ ಸ್ಟಾರ್ ಪಟ್ಟಿಯನ್ನು ಅವನು ಬೆರಳಿಟ್ಟು ಓದಿಸಿದ. ಇದು ವರ್ಷಕ್ಕೆ ತಿನ್ನುವ ಯೂನಿಟ್ಟು, ಇದು ಪಟ್ಟಿಯ ವರ್ಷ, ನಕ್ಷತ್ರ ಎಣಿಸುವುದಕ್ಕಿಂತ ಈ ಯೂನಿಟ್ಟಿನ ಅಂಕಿ ನೋಡಬೇಕು ಎಂದ. ಗೋಡೆಯಿಂದ ಒಂದು ಗೇಣು ಬಿಟ್ಟು ನಿಲ್ಲಿಸಿಕೊಟ್ಟ. ಚಾಲೂ ಆಗಿದೆಯೋ ಇಲ್ಲವೋ ತಿಳಿಯದೆ ಅಬಿದಾ ಬಾಗಿಲಿಗೆ ಅಂಗೈ ಹಚ್ಚಿ ನೋಡಿದಳು. ಮಲ್ಲಿಗೆ ಮೂರನೆಯ ದಿನಕ್ಕೂ ಬಾಡಲಿಲ್ಲ. ಬಿಲ್ಲು ಸೊನ್ನೆಗಿಳಿಯಿತು.

ಅಂದಿನಿಂದ ಅವಳ ಕಟ್ಟೆಗೆ ಬಂದವರಿಗೆ ಹೂವಿನ ಜೊತೆ ಫ್ರಿಜ್ಜಿನ ಮಾತೂ ಸಿಗತೊಡಗಿತು. ಪಕ್ಕದ ಮನೆಯ ರಾಜಶ್ರೀ ಮೊದಲು ಬದಲಾಯಿಸಿದಳು. ಅವಳನ್ನು ನೋಡಿ ಮತ್ತೆ ಕೆಲವರು. ಹಳೆಯ ಫ್ರಿಜ್ಜು ಕೊಡಲು ಹಿಂದೆಮುಂದೆ ನೋಡಿದವರಿಗೆ ಅಬಿದಾ ತಮ್ಮನ ಮಾತನ್ನೇ ಹೇಳುತ್ತಿದ್ದಳು: "ಅವು ಮತ್ತೊಂದು ಮನಿಗಿ ಹೋಗಬಾರದವ್ವಾ." ಹೀಗೆ ಹೇಳುವಾಗ ಅವಳಿಗೆ ತಮ್ಮನ ಬಗ್ಗೆ ಒಳಗೊಳಗೇ ಹೆಮ್ಮೆ.

ಮುಂದಿನ ಬೇಸಿಗೆಯಲ್ಲಿ ಇಂಗಳೇಶ್ವರದ ಚನ್ನವ್ವ ಮಗಳ ಕುಬಸಕ್ಕೆ ಹೂ ಬೇಕೆಂದು ಹೇಳಿಕಳಿಸಿದಳು. ಚನ್ನವ್ವ ಹಾಲು, ಮಜ್ಜಿಗೆ ಮಾರಿ ಬದುಕುವ ಹೆಣ್ಣುಮಗಳು, ಹಳೆಯ ಗಿರಾಕಿ. ಬಸುರಿಯ ಜಡೆಗೆ ದಂಡೆ, ಕೊರಳಿಗೆ ಹಾರ ಎಲ್ಲ ಕಟ್ಟಿಕೊಂಡು ಅಬಿದಾ ಬೆಳಗಿನ ಬಸ್ಸಿಗೆ ಹೋದಳು. ಆರತಿಗೆ ಇನ್ನೂ ಹೊತ್ತಿತ್ತು, ಬಿಸಿಲು ಆಗಲೇ ಏರಿತ್ತು.

"ಅಕ್ಕಾರ, ದಂಡಿ ತಂಪಿನ್ಯಾಗ ಇಡಬೇಕಾಗಿತ್ತು ನೋಡ್ರಿ" ಎಂದಳು.

"ಬಾ ತಂಗಿ, ಈಗ ನಮ್ಮ ಮನ್ಯಾಗೂ ಫ್ರಿಜ್ಜೈತಿ!" ಚನ್ನವ್ವ ಖುಷಿಯಿಂದ ಒಳಗೆ ಕರೆದೊಯ್ದಳು. ಮೂಲೆಯಲ್ಲಿ ಕೆಂಪು ಬಣ್ಣ ಹೊಳೆಯುತ್ತಿತ್ತು. ಬಾಗಿಲ ಮೇಲೆ ಐದು ನಕ್ಷತ್ರದ ಪಟ್ಟಿ. "ಒಳಗ ಅದೇನ ಸೆಂಟು ಹೊಡದಾರೊ ಏನೊ, ಮಲ್ಲಿಗಿ ವಾಸನಿ ಬರ್ತೈತಿ. ಹಾಲಿಗೂ ಹತ್ತತೈತಿ. ನನ್ನ ಮಗಳಿಗೆ ಬಾಳ ಸೇರೇತಿ."

ಅಬಿದಾ ಬಾಗಿಲು ತೆರೆದಳು. ಮೊಟ್ಟೆಯಿಡುವ ಹಲಗೆ ಮುರಿದಾಗ ಜೈನುದ್ದೀನ ಸ್ಟೀಲಿನ ಪಟ್ಟಿ ಬಡಿದು ಕೂರಿಸಿದ್ದ. ಆ ಪಟ್ಟಿ ಅಲ್ಲೇ ಇತ್ತು, ಅವನು ಹಾಕಿದ ಸೊಟ್ಟ ಮೊಳೆಯ ಸಮೇತ. ಹೊರಗಿನ ಕೆಂಪು ಬಣ್ಣವಷ್ಟೇ ಹೊಸದು.

"ಇದನ್ನ ಯಾರ ಕಡೆ ತಗೊಂಡ್ರಿ?"

"ನಿನ್ನ ತಮ್ಮನ ಕಡೆನ! ಕಂಪನಿಯವರು ರಿಪೇರಿ ಮಾಡಿ ಕೊಟ್ಟದ್ದು, ಕರೆಂಟ್ ಏನೂ ತಿನ್ನಂಗಿಲ್ಲ ಅಂದಾ. ನಾ ಒಲ್ಲೆ ಅಂದೆ. ನಮ್ಮ ಆಪಾನ ಮನ್ಯಾಗ ಇಂಥಾದ್ದ ಐತಿ, ಬೇಕಾರ ಅಕಿನ್ನ ಕೇಳ್ರಿ ಅಂದಾ. ನಿನ್ನ ಹೆಸರ ಹೇಳಿದ ಮ್ಯಾಲ ಇನ್ನೇನ ಕೇಳೂದು? ಆದ್ರ ತಂಗಿ, ಇದು ಬಂದಾಗಿಂದ ನನಗೂ ಬಿಲ್ಲ ಬರಾಕತ್ತೈತಿ ನೋಡು."

ಮನೆ ತುಂಬ ಹೆಂಗಸರಿದ್ದರು. ಅಬಿದಾ ಬಸುರಿಯ ಜಡೆಗೆ ದಂಡೆ ಮುಡಿಸಿದಳು, ಹಾಡು ಮುಗಿಯುವ ತನಕ ಕೂತಳು. ಎಲ್ಲರೂ ಹೋದ ಮೇಲೆ ಚನ್ನವ್ವನ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದು, ಅದು ತನ್ನ ಮನೆಯ ಹಳೆಯ ಫ್ರಿಜ್ಜೆಂದು ಹೇಳಿದಳು. ಚನ್ನವ್ವ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ನಿನಗ ಗೊತ್ತಿರಲಿಲ್ಲೇನು?" ಎಂದು ಅಷ್ಟೇ ಕೇಳಿದಳು.

ಮರುದಿನ ಫ್ರಿಜ್ಜನ್ನು ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ಇಬ್ಬರೂ ಅಂಗಡಿಯ ಮುಂದೆ ಇಳಿದರು. ತೌಸಿಫ ಗಿರಾಕಿಗಳಿಗೆ ಟಿವಿ ತೋರಿಸುತ್ತಿದ್ದ. ಅಕ್ಕನ ಮುಖ ನೋಡಿ, ನಂತರ ಫ್ರಿಜ್ಜು ನೋಡಿ, ನಗಲು ಹೋಗಿ ನಿಂತ.

"ಇದು ವಿಜಾಪುರದಾಗ ಬಿಚ್ಚಿದ್ದಾ?" ಅಬಿದಾ ಕೇಳಿದಳು.

"ಆಪಾ, ಒಳಗ ಬಾ. ರಸ್ತಾದಾಗ ಬ್ಯಾಡ."

"ಇಲ್ಲೇ ಹೇಳು."

"ಗುಜರಿಗೆ ಹಾಕಿದ್ರ ಏನೂ ಹುಟ್ಟಂಗಿಲ್ಲ ಆಪಾ. ನಡ್ಯೂ ಮಷೀನ್, ಬಡವರ ಮನಿಗಿ ಆಗತೈತಿ. ಅದ್ರಾಗ ಏನ್ ತಪ್ಪ?"

"ಹಳೇದು ಅಂತ ಹೇಳಿ ಮಾರಿದ್ರ ನಾ ಇಲ್ಲಿ ಬರ್ತಿದ್ದಿಲ್ಲ. ಐದು ಸ್ಟಾರ್ ಯಾರು ಹಚ್ಚಿದ್ರು? ನನ್ನ ಹೆಸರ ಯಾಕ ತಗೊಂಡಿ?"

ಗಿರಾಕಿಗಳು ನೋಡುತ್ತಿದ್ದರು. ತೌಸಿಫನ ಮುಖ ಕೆಂಪಾಯಿತು. "ನಿನಗ ಚೊಲೋದ್ದ ಕೊಟ್ಟೇನಿಲ್ಲೋ?" ಎಂದು ದನಿ ಏರಿಸಿದ. "ಅಂಗಡ್ಯಾಗಿಂದ ಎಲ್ಲಾಕ್ಕಿಂತ ಚೊಲೋದು ನಿನಗ ಕೊಟ್ಟೆ. ನಿನ್ನ ಮಾತು ಜನಾ ಕೇಳ್ತಾರ ಅಂತ ಗೊತ್ತಿದ್ದ ಕೊಟ್ಟೇನಿ!"

ಹೇಳಿದ ಮೇಲೆ ಅವನಿಗೂ ತಾನೇನು ಹೇಳಿದೆನೆಂದು ತಿಳಿಯಿತು. ಚನ್ನವ್ವ ತನ್ನ ರೊಕ್ಕ ಕೈಗೆ ಬರುವ ತನಕ ಅಂಗಡಿಯ ಮೆಟ್ಟಿಲು ಬಿಟ್ಟು ಏಳಲಿಲ್ಲ. ಫ್ರಿಜ್ಜನ್ನು ಒಳಗೆ ತಳ್ಳುವ ಮುಂಚೆ ಅಬಿದಾ ಹೂವಿನ ಕತ್ತರಿಯಿಂದ ಅದರ ವಾಯರನ್ನು ಬುಡಕ್ಕೇ ಕತ್ತರಿಸಿದಳು. ಹೊಸ ವಾಯರು ಹಾಕಲು ತಮ್ಮನಿಗೆ ಹೆಚ್ಚು ಹೊತ್ತು ಬೇಡವೆಂದು ಅವಳಿಗೆ ಗೊತ್ತಿತ್ತು. ಆ ಕೆಲಸ ಅವನಿಗೆ ಕಲಿಸಿದ್ದೇ ಅವಳ ದುಡಿಮೆ.

ಓಣಿಗೆ ಸುದ್ದಿ ಅವಳಿಗಿಂತ ಮೊದಲು ತಲುಪಿತ್ತು. "ನಮ್ಮ ಹಳೇವು ಯಾರ್ಯಾರ ಮನ್ಯಾಗ ಅದಾವೊ?" ಎಂದು ರಾಜಶ್ರೀ ಕೇಳಿದಳು. ಮತ್ತೆ, "ಅದ್ರಾಗ ನಿನಗೂ ಏನಾರ ಪಾಲ ಇತ್ತೇನವಾ?" ಎಂದಳು. ಇಷ್ಟು ವರ್ಷ ಒಂದೇ ನಳದ ನೀರು ತುಂಬಿದವಳು. ಅಬಿದಾ ಇಲ್ಲವೆಂದಳು. ರಾಜಶ್ರೀ ತಲೆಯಾಡಿಸಿದಳು, ಆದರೆ ಅಂದಿನಿಂದ ಹೂವನ್ನು ಪ್ಯಾಟೆಯಿಂದ ತರತೊಡಗಿದಳು.

ಅಬಿದಾಳ ಹೊಸ ಫ್ರಿಜ್ಜಿನಲ್ಲಿ ಮೋಸವಿರಲಿಲ್ಲ. ಅದು ಮಾತು ಕೊಟ್ಟಂತೆ ಕಡಿಮೆ ತಿಂದು, ಹೂವನ್ನು ತಂಪಾಗಿಟ್ಟು, ಸದ್ದಿಲ್ಲದೆ ನಡೆಯುತ್ತಿದೆ. ಅವಳಿಗೆ ಹೆಚ್ಚು ಉರಿಯುವುದು ಅದೇ. ಕೆಟ್ಟದ್ದನ್ನು ಕೊಟ್ಟಿದ್ದರೆ ತಮ್ಮ ತನಗೂ ಮೋಸ ಮಾಡಿದನೆಂದು ಅತ್ತುಬಿಡಬಹುದಿತ್ತು. ಯಾರಾದರೂ ಈಗ ಯಾವ ಫ್ರಿಜ್ಜು ಚೊಲೋ ಎಂದು ಕೇಳಿದರೆ, "ನನಗ ಹೂವಿಂದಷ್ಟ ಗೊತ್ತ್ರಿ" ಎನ್ನುತ್ತಾಳೆ.

ರಂಜಾನ್ ಹಬ್ಬದ ದಿನ ತೌಸಿಫ ಹೊಸ ಬಟ್ಟೆ ಹಾಕಿಕೊಂಡು ಬಂದ. ಬಾಗಿಲಲ್ಲೇ, "ಆಪಾ, ಸಿಟ್ಟ ಬಿಡು" ಎಂದ. ಅವಳು ಚಾಪೆ ಹಾಸಿದಳು, ಬಟ್ಟಲಲ್ಲಿ ಶ್ಯಾವಿಗೆಯ ಸುರಕುಂಬಾ ಹಾಕಿ ತಂದು ಮುಂದಿಟ್ಟಳು. ಎತ್ತಿ ಆಡಿಸಿದ ತಮ್ಮನಿಗೆ ಅವಳು ಎಂದೂ ರೀ ಹಚ್ಚಿ ಮಾತಾಡಿದವಳಲ್ಲ.

"ತಗೋರಿ" ಎಂದಳು.

ಅವನು ಚಮಚೆ ಎತ್ತಲಿಲ್ಲ. ಅವಳು ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಹೂ ಕಟ್ಟತೊಡಗಿದಳು.