ಕನ್ನಡದಲ್ಲಿ ಇಂಗ್ಲಿಷ್ ಕಲಿಸಿದ ತಪ್ಪಿಗೆ

ವಿದ್ಯೆಯನ್ನು ತೂಗುವ ತಕ್ಕಡಿ ಈ ಭೂಮಂಡಲದಲ್ಲಿ ಇನ್ನೂ ತಯಾರಾಗಿಲ್ಲ. ಈ ಗಂಭೀರ ಮಾತನ್ನು ಮೂವತ್ತೊಂದು ವರ್ಷ ಬೀಳ್ಕೊಡುಗೆ ಸಮಾರಂಭಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಹೋದ ತಿಂಗಳು ಗೊತ್ತಾಯಿತು, ತಯಾರಾಗಿದೆ. ಒಂದೇ ಹಾಳೆ. ಕೆಳಗೆ ಸಹಿ, ಬದಿಗೆ ಮೊಹರು, ನಮ್ಮ ಕಡೆಯ ಸಿಕ್ಕಾ. (ಸಿಕ್ಕಾ ತಲೆಕೆಳಗಾಗಿ ಬಿದ್ದರೂ ನಡೆಯುತ್ತದಂತೆ.)

ಆ ಹಾಳೆ ತಂದು ನನ್ನ ಮುಂದಿಟ್ಟವಳು ಮಹಾದೇವಿ. ಹೆಸರು ಬದಲಿಸಿದ್ದೇನೆ, ಕಾರಣ ಆಮೇಲೆ ನಿಮಗೇ ತಿಳಿಯುತ್ತದೆ. ರಬಕವಿಯ ಹುಡುಗಿ. ನಾನು ಜಮಖಂಡಿಯ ಕಾಲೇಜಿನಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದಾಗ ಬಿ.ಎ. ಓದಿದವಳು. ಈಗ ಆರು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದಾಳೆ. ಮಗ್ಗದ ಮೇಲೆ ಉದ್ದನೆಯ ಎಳೆಗಳ ಒಂದು ಹಾಸು ಮುಗಿದಾಗ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಬೆರಳಲ್ಲಿ ಹೊಸೆದು ಕೂಡಿಸುವ ಹೆಣ್ಣುಮಕ್ಕಳಿದ್ದಾರಲ್ಲ, ಅವರ ದುಡಿಮೆಯೇ ಅವಳ ವಿಷಯ. ಅವಳ ಅವ್ವ ಕಲ್ಲವ್ವನ ಕೆಲಸವೂ ಅದೇ.

ಕೈಚೀಲದಿಂದ ಇನ್ನೂರ ಎಪ್ಪತ್ತು ಪುಟದ ಥೀಸಿಸ್ ತೆಗೆದು ಟೀಪಾಯಿಯ ಮೇಲಿಟ್ಟಳು. ನನ್ನ ಚಹಾದ ಕಪ್ಪು ಅಲ್ಲಾಡಿತು.

‘ಸರ, ನನಗ ಇಂಗ್ಲಿಷ್ ಬರತೈತಿ ಅಂತ ಒಂದು ಬರದು ಕೊಡ್ರಿ.’

‘ಯಾರಿಗೆ ಸಂಶಯ ಬಂದೈತಿ?’

‘ಯುನಿವರ್ಸಿಟಿಗ್ರಿ.’

‘ಥೀಸಿಸ್ ಯಾವ ಭಾಷಾದಾಗ ಬರದೀ?’

‘ಇಂಗ್ಲಿಷ್‌ನ್ಯಾಗ ಬರದೇನ್ರಿ.’

ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ವಿಷಯ ಮಾತ್ರ ಹಾಗೇ ಇತ್ತು.

ಹೊಸ ನಿಯಮವಂತೆ. ಥೀಸಿಸ್ ಸ್ವೀಕರಿಸುವ ಮೊದಲು ಅಭ್ಯರ್ಥಿಗೆ ಶೈಕ್ಷಣಿಕ ಇಂಗ್ಲಿಷ್ ಬರವಣಿಗೆಯಲ್ಲಿ ಪ್ರಾವೀಣ್ಯವಿದೆಯೆಂದು ಸಾಬೀತಾಗಬೇಕು. ಅದಕ್ಕೆ ಎರಡು ದಾರಿ. ಒಂದು, ಪರೀಕ್ಷೆ. ಅದು ಮೂರು ತಿಂಗಳ ನಂತರ. ಎರಡು, ಡಿಗ್ರಿಯಲ್ಲಿ ಇಂಗ್ಲಿಷ್ ಕಲಿಸಿದ ಮಾಸ್ತರರ ಪತ್ರ. ಮಹಾದೇವಿಯ ರಿಜಿಸ್ಟ್ರೇಷನ್ ಮುಗಿಯುವುದು ಮೂವತ್ತನೇ ತಾರೀಖಿಗೆ. ಆ ದಿನ ದಾಟಿದರೆ ಆರು ವರ್ಷದ ದುಡಿಮೆ ರದ್ದಿ.

ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲ ಕೊಳ್ಳುವವರನ್ನು ನೋಡಿದ್ದೀರಾ? ಅಚ್ಚುಬೆಲ್ಲದ ಪೆಂಟಿಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ, ಕಣ್ಣು ಮುಚ್ಚುತ್ತಾರೆ, ಆಮೇಲೆ ಮಾತು. ಇಲ್ಲಿ ಇಡೀ ಪೆಂಟಿ ಮುಂದಿದೆ. ಮುರಿಯುವವರಿಲ್ಲ. ‘ಸಿಹಿ ಐತಿ ಅಂತ ಬರೆಸಿಕೊಂಡು ಬಾ’ ಅನ್ನುತ್ತಾರೆ!

ಇರಲಿ, ಬರೆದುಕೊಡೋಣ ಎಂದು ಅವಳು ತಂದಿದ್ದ ಹಾಳೆಯ ನಮೂನೆ ಓದಿದೆ. ಎರಡನೇ ಸಾಲಿಗೆ ಪೆನ್ನು ನಿಂತಿತು. ‘ನಾನು ಈ ಅಭ್ಯರ್ಥಿಗೆ ಸಂಪೂರ್ಣವಾಗಿ ಇಂಗ್ಲಿಷ್ ಮಾಧ್ಯಮದಲ್ಲೇ ಇಂಗ್ಲಿಷ್ ಕಲಿಸಿದ್ದೇನೆ.’

ನಾನೇ? ಮುಧೋಳ, ಬೀಳಗಿ, ಹುನ್ನೂರಿನಿಂದ ಮುಂಜಾನೆಯ ಬಸ್ಸಿಗೆ ಜೋತುಬಿದ್ದು ಬರುವ ಮಕ್ಕಳಿಗೆ ನಾನು ಇಂಗ್ಲಿಷ್ ಕಲಿಸಿದ್ದು ಕನ್ನಡದಲ್ಲಿ. ಈ ಸೀಮೆಯಲ್ಲಿ ಎಲ್ಲರೂ ಹಾಗೇ ಕಲಿಸುತ್ತಾರೆ. ಒಂದು ಸಾಲು ಇಂಗ್ಲಿಷ್ ಓದುವುದು, ನಾಲ್ಕು ಸಾಲು ಕನ್ನಡದಲ್ಲಿ ಬಿಡಿಸುವುದು. ಪ್ರಬಂಧ ಬರೆಯುವುದನ್ನು ಹೇಳಿಕೊಟ್ಟದ್ದೂ ಅದೇ ಬೆಲ್ಲದ ಪೇಟೆಯಿಂದ: ‘ಮೊದಲ ಚೂರು ಕೊಡ್ರಿ, ಆಮ್ಯಾಲೆ ಬಡಾಯಿ. ಪುರಾವೆ ಮುಂದ, ಅಭಿಪ್ರಾಯ ಹಿಂದ.’ ಮಹಾದೇವಿಯ ಥೀಸಿಸ್ಸಿನ ಪ್ರತಿ ಅಧ್ಯಾಯವೂ ಹಾಗೇ ಶುರುವಾಗುತ್ತದೆ. ಮೊದಲು ಒಬ್ಬ ಹೆಣ್ಣುಮಗಳ ಬೆರಳು, ಆಮೇಲೆ ಸಿದ್ಧಾಂತ. ಓದಲು ಕೂತವನು ಊಟ ಮರೆತೆ. (ವಯಸ್ಸಾಯಿತು, ಅದಕ್ಕಿರಬಹುದು.)

ಹಾಗಾಗಿ ನಮೂನೆ ಬದಿಗಿಟ್ಟು ನನ್ನದೇ ಪತ್ರ ಬರೆದೆ. ಹಳೆಯ ಕಾಲದ ಇಂಗ್ಲಿಷ್‌ನಲ್ಲಿ, ‘ಘನತೆವೆತ್ತ ತಮ್ಮಲ್ಲಿ ವಿನಮ್ರವಾಗಿ’ ಎಂದು ಶುರುಮಾಡಿ. ಮೂರು ವರ್ಷ ಈಕೆಗೆ ಇಂಗ್ಲಿಷ್ ಕಲಿಸಿದ್ದೇನೆ, ಕನ್ನಡದಲ್ಲಿ ಕಲಿಸಿದ್ದೇನೆ, ಆದ್ದರಿಂದಲೇ ಈಕೆ ಕಲಿತಿದ್ದಾಳೆ. ಹನ್ನೊಂದು ಸಾಲು, ಎಲ್ಲವೂ ಖರೆ.

ಒಂಬತ್ತು ದಿನದ ಮೇಲೆ ಪತ್ರ ವಾಪಸ್ ಬಂತು. ನಮೂನೆಯಲ್ಲಿಲ್ಲ. ಮಾಧ್ಯಮ ಇಂಗ್ಲಿಷ್ ಅಲ್ಲ. ತಿರಸ್ಕೃತ.

ಯುನಿವರ್ಸಿಟಿಯ ಪಿಎಚ್.ಡಿ. ಸೆಕ್ಷನ್ನಿಗೆ ಫೋನ್ ಹಚ್ಚಿದೆ. ಎತ್ತಿದವರು ಮರ್ಯಾದಸ್ಥರು. ಅದೇ ತೊಂದರೆ, ಬೈಯಲಿಕ್ಕೂ ಆಗುವುದಿಲ್ಲ.

‘ಆ ಹುಡುಗಿ ನಿಮ್ಮ ಮುಂದ ಥೀಸಿಸ್ ತಂದು ಇಟ್ಟಿದ್ಲಲ್ರಿ. ಅದು ಇಂಗ್ಲಿಷ್‌ನ್ಯಾಗ ಇತ್ತಿಲ್ಲೋ?’

‘ಇಂಗ್ಲಿಷ್‌ನ್ಯಾಗ ಇತ್ರಿ ಸರ.’

‘ಓದಿದ್ರೇನು?’

‘ಓದೂದು ನಮ್ಮ ಸೆಕ್ಷನ್ ಅಲ್ರಿ.’

‘ಇಂಗ್ಲಿಷ್ ಬರದೇ ಅಷ್ಟು ಹೆಂಗ ಬರೀತಾಳ್ರಿ ಆಕಿ?’

‘ಅದು ಥೀಸಿಸ್‌ರಿ ಸರ. ನಾವು ಕೇಳಾಕತ್ತಿದ್ದು ಸರ್ಟಿಫಿಕೇಟ್.’

ಫೋನ್ ಇಟ್ಟೆ. ಇನ್ನೇನು ಮಾಡಲಿ?

ಭಾನುವಾರ ತಾಯಿ-ಮಗಳು ಇಬ್ಬರೂ ಬಂದರು. ಮೂವತ್ತಕ್ಕೆ ಇನ್ನು ಮೂರೇ ದಿನ. ಮಹಾದೇವಿ ತಲೆ ತಗ್ಗಿಸಿ ಕೂತಳು. ‘ಕನ್ನಡದಾಗ ಕಲಿಸೇನಿ ಅನ್ನೂ ಆ ಒಂದು ಸಾಲು ಬಿಟ್ಟಿದ್ರ ನಡೀತಿತ್ತಲ್ರಿ ಸರ’ ಎಂದಷ್ಟೇ ಹೇಳಿದಳು. ನಾನು ಉತ್ತರವಾಗಿ ಮಾತೃಭಾಷೆ, ಶಿಕ್ಷಣ, ಆತ್ಮಗೌರವ ಎಂದು ಶುರುಮಾಡಿದೆ. ಕಲ್ಲವ್ವ ಎರಡು ನಿಮಿಷ ಕೇಳಿದಳು, ತಡೆದುಕೊಂಡಳು, ಆಗಲಿಲ್ಲ.

‘ಸರ, ನಮ್ಮ ಕೆಲಸದಾಗ ಎಳಿ ಹರಿದ್ರ ಸುಮ್ನ ಕೂಡಸ್ತೇವ್ರಿ. ಯಾಕ ಹರದಿ ಅಂತ ಅದಕ್ಕ ಭಾಷಣ ಮಾಡೂದಿಲ್ಲ.’

‘ಆದ್ರ ಕಲ್ಲವ್ವ, ನಾ ಬರದದ್ದು ಖರೆ ಐತಿ.’

‘ಐತ್ರಿ, ಯಾರು ಇಲ್ಲಂದ್ರು? ನಿಮ್ಮ ಖರೆಗೆ ನನ್ನ ಮಗಳ ಆರು ವರ್ಷ ಯಾಕ್ರಿ?’

ಅಡಿಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು. ‘ಬರದು ಕೊಡ್ರಿ ಸುಮ್ನ. ದೊಡ್ಡ ಸತ್ಯವಂತರು! ಮದುವಿ ಮುಂದ ನಮ್ಮಪ್ಪಗ ಏನೇನ ಹೇಳಿದ್ರಿ, ತೆಗೀಲೇನು?’

ತೆಗೆಯುವುದು ಬೇಡವಾಗಿತ್ತು. ನಮೂನೆ ತರಿಸಿಕೊಂಡೆ.

‘ಸಂಪೂರ್ಣವಾಗಿ ಇಂಗ್ಲಿಷ್ ಮಾಧ್ಯಮದಲ್ಲೇ.’ ಬರೆಯಲು ಅರ್ಧ ನಿಮಿಷ ಸಾಕಾಯಿತು. ಆ ಅರ್ಧ ನಿಮಿಷದಲ್ಲಿ ಮಹಾಲಿಂಗಪುರದ ಬೆಲ್ಲದ ಪೇಟೆ ಹೋಯಿತು, ಹುನ್ನೂರಿನ ಬಸ್ಸು ಹೋಯಿತು, ಮೂವತ್ತೊಂದು ವರ್ಷ ನಾನು ಬೆವರು ಸುರಿಸಿ ಬಿಡಿಸಿ ಹೇಳಿದ ಅಷ್ಟೂ ಕನ್ನಡ ಹೋಯಿತು. ಸಹಿ ಮಾಡುವಾಗ ಕೈ ನಡುಗಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನಡುಗಲಿಲ್ಲ. ಸಿಟ್ಟಿಗೆ ಕಾಗದ ಮಾತ್ರ ಸ್ವಲ್ಪ ತೂತಾಯಿತು.

ಕನ್ನಡ ನೆಲದ ವಿಶ್ವವಿದ್ಯಾಲಯ, ಕನ್ನಡ ಮಾತಾಡುವ ಸೆಕ್ಷನ್, ಕನ್ನಡದಲ್ಲಿ ಕಲಿತ ಹುಡುಗಿ. ನಡುವೆ ಕನ್ನಡದಲ್ಲಿ ಕಲಿಸಿದೆ ಎಂದವನು ಮಾತ್ರ ತಪ್ಪಿತಸ್ಥ! ಈ ನಿಯಮ ಬರೆದವರು ಎಲ್ಲಿ ಕಲಿತರು ಸ್ವಾಮಿ? ಅವರಿಗೆ ಯಾರೂ ಯಾವತ್ತೂ ಒಂದು ಸಾಲನ್ನೂ ಬಿಡಿಸಿ ಹೇಳಲಿಲ್ಲವೇ?

ಸುಳ್ಳು ಪತ್ರ ಕೊಟ್ಟದ್ದನ್ನು ಹೀಗೆ ಬಹಿರಂಗವಾಗಿ ಬರೆಯುತ್ತೀರಲ್ಲ, ಸಂಬಂಧಪಟ್ಟವರು ಓದಿದರೆ ಎಂದು ಗೆಳೆಯರು ಹೆದರಿಸಿದ್ದಾರೆ. ನನಗೆ ಆ ಹೆದರಿಕೆಯಿಲ್ಲ. ಈ ಅಂಕಣ ಕನ್ನಡದಲ್ಲಿದೆ.

ಖರೆ ಹೇಳಿದ ಪತ್ರ ವಾಪಸ್ ಬರಲು ಒಂಬತ್ತು ದಿನ ಹಿಡಿದಿತ್ತು. ಎರಡನೆಯ ಪತ್ರವನ್ನು ಮಹಾದೇವಿ ಸೋಮವಾರ ಹನ್ನೊಂದು ಗಂಟೆಗೆ ಕೊಟ್ಟಳು, ಹನ್ನೊಂದೂಕಾಲಿಗೆ ಥೀಸಿಸ್ ಸ್ವೀಕಾರವಾಯಿತು.