ಬೆರಳು ನಿಂತ ಸಾಲು

ಮಾಸ್ತರರ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ಬಳಪದ ಬಿಳಿ ಯಾವಾಗಲೂ ಕೂತಿರುತ್ತಿತ್ತು. ನಿವೃತ್ತರಾದ ಮೇಲೂ ಅದು ಹೋಗಲಿಲ್ಲ. ಮನೆಯ ಪಡಸಾಲೆಯ ಗೋಡೆಗೆ ಕಪ್ಪು ಬಳಿಸಿಕೊಂಡಿದ್ದರು. ಬಂದವರಿಗೆಲ್ಲ ಅದರ ಮೇಲೆ ಬರೆದು ತೋರಿಸದಿದ್ದರೆ ಮಾಸ್ತರರಿಗೆ ಮಾತೇ ಹೊರಡುತ್ತಿರಲಿಲ್ಲ.

ಮಹಾರಾಷ್ಟ್ರದ ಗಡಿಯೊಳಗಿನ ನಮ್ಮೂರು ಮುಚ್ಚಂಡಿಯ ಕನ್ನಡ ಶಾಲೆಯಲ್ಲಿ ನಾನು ಅವರ ವಿದ್ಯಾರ್ಥಿ, ಅದೂ ತರಗತಿಯಲ್ಲೇ ದಡ್ಡ. ಹಲಗೆಯ ಮೇಲೆ ಪಾಠ ಬರೆದು ಮುಗಿಸಿದ ಕೂಡಲೇ ಅವರ ಬೆರಳು ನನ್ನತ್ತ ತಿರುಗುತ್ತಿತ್ತು. “ಏಳಪಾ, ಓದು.” ನಾನು ಎಲ್ಲಿ ತಡವರಿಸುತ್ತಿದ್ದೆನೋ ಆ ಸಾಲನ್ನು ಅಳಿಸಿ ಬೇರೆ ರೀತಿ ಬರೆಯುತ್ತಿದ್ದರು. ಜಾಣರು ಮುಸಿಮುಸಿ ನಗುತ್ತಿದ್ದರು. ನನ್ನ ಮಾನ ಕಳೆಯುವುದಕ್ಕೇ ಈ ಮನುಷ್ಯ ಹುಟ್ಟಿದ್ದಾನೆ ಎಂದುಕೊಂಡಿದ್ದೆ. ಆ ಸಿಟ್ಟು ದೊಡ್ಡವನಾದ ಮೇಲೂ ಇಳಿದಿರಲಿಲ್ಲ.

ಈಗ ನಾನು ಜತ್ತಿನಲ್ಲಿ ಕುರಿಗಾರರ ಸಂಘವೊಂದರ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಕುರಿಗಳಿಗೆ ಲಸಿಕೆ ಹಾಕಿಸಲು ಅದರಲ್ಲೇ ತಾರೀಖು ಪಡೆಯಬೇಕು. ಮೊದಲು ಮರಾಠಿಯಲ್ಲಿ ಮಾತ್ರ ಇತ್ತು, ಕನ್ನಡಕ್ಕೆ ತಂದವನು ನಾನು. ಮರಾಠಿಯಲ್ಲಿ ಅರ್ಜಿಗಳು ಬರುತ್ತಿದ್ದವು, ಕನ್ನಡದಲ್ಲಿ ಒಂದೂ ಪೂರ್ತಿಯಾಗುತ್ತಿರಲಿಲ್ಲ. ಹತ್ತಾರು ಸಲ ತುಂಬಿ ನೋಡಿದೆ. ಎಲ್ಲ ಸರಿಯಾಗಿಯೇ ಕಂಡಿತು. ಇನ್ನು ದಾರಿ ಕಾಣದೆ, ಅನುವಾದದಲ್ಲಿ ತಪ್ಪಿದ್ದರೆ ಹೇಳಲಿ ಎಂದು ಮಾಸ್ತರರ ಮನೆಗೆ ಹೋದೆ.

ನಾನು ಚಾಚಿದ ಫೋನನ್ನು ಅವರು ಮುಟ್ಟಲೂ ಇಲ್ಲ.

“ನಿನಗ ಎರಡೂ ಭಾಷಾ ಬರ್ತಾವ, ನನಗೂ ಬರ್ತಾವ. ಈ ಕೆಲಸಕ್ಕ ನಾವಿಬ್ಬರೂ ಉಪಯೋಗಿಲ್ಲ” ಎಂದು ಚಪ್ಪಲಿ ಮೆಟ್ಟಿದರು.

ಕರೆದುಕೊಂಡು ಹೋಗಿದ್ದು ಊರ ಹೊರಗಿನ ಕುರಿಹಟ್ಟಿಗೆ. ಅಲ್ಲಿಯ ಸೊಸೆ ವಿಜಯಪುರದ ಕಡೆಯವಳು. ಕನ್ನಡ ಓದುತ್ತಿದ್ದಳು, ಮರಾಠಿ ಇನ್ನೂ ಬರುತ್ತಿರಲಿಲ್ಲ. ಮುಂದಿನ ವಾರ ಕುರಿ ಹೊಡೆದುಕೊಂಡು ಮೇವಿನ ಕಡೆ ಹೊರಡುವವರಿದ್ದರು. ಅಷ್ಟರೊಳಗೆ ಲಸಿಕೆ ಆಗಬೇಕಿತ್ತು.

“ಹ್ವಾದ ವರ್ಷ ಸೂಜಿ ಇಲ್ದನ ಹೊಂಟ್ವಿರಿ. ದಾರ್ಯಾಗ ಎಂಟ ಮರಿ ಸತ್ತುವು” ಎಂದಳು. “ಈ ಸಲ ಫೋನಿನ್ಯಾಗ ಮೂರ ಸರ್ತಿ ತುಂಬೀನ್ರಿ. ಆಗವಲ್ದು.”

“ನಾಕನೇ ಸರ್ತಿ ತುಂಬವ್ವ. ಬೆರಳ ಇಟ್ಟು ಗಟ್ಟಿಯಾಗಿ ಓದು” ಎಂದರು ಮಾಸ್ತರರು.

ಹೆಸರು ತುಂಬಿದಳು, ಊರು ತುಂಬಿದಳು, ಕುರಿಗಳ ಲೆಕ್ಕ ತುಂಬಿದಳು. ‘ಮನೆ ನಂಬರ್’ ಬಂದಾಗ, “ಕುರಿ ಮನ್ಯಾಗ ಇರ್ತಾವೇನ್ರಿ?” ಎಂದು ನಕ್ಕು ಖಾಲಿ ಬಿಟ್ಟು ಮುಂದೆ ಒತ್ತಿದಳು. ಕೆಂಪು ಸಾಲೊಂದು ಮೂಡಿತು. ಬೆರಳು ಅಲ್ಲೇ ನಿಂತಿತು.

“ಇದು ನನಗ ತಿಳಿಯಂಗಿಲ್ರಿ.”

ಬಗ್ಗಿ ನೋಡಿದೆ. ಆ ಜಾಗ ತುಂಬಲೇಬೇಕು ಎಂದಿತ್ತು, ಮರಾಠಿಯಲ್ಲಿ. ಪರೀಕ್ಷೆ ಮಾಡುವಾಗ ಅದೇ ಸಾಲನ್ನು ಎಷ್ಟು ಸಲ ಓದಿದ್ದೆನೋ. ಯಾವ ಭಾಷೆಯಲ್ಲಿದೆ ಎಂಬ ಎಚ್ಚರವೇ ನನಗಿರಲಿಲ್ಲ. ಪುಟವನ್ನೆಲ್ಲ ಕನ್ನಡ ಮಾಡಿದವನು, ತಪ್ಪಾದಾಗ ಬರುವ ಸೂಚನೆಗಳ ಕಡತವನ್ನು ಮರೆತೇಬಿಟ್ಟಿದ್ದೆ. ನಾಚಿಕೆಯಾಗಿ, “ಅಲ್ಲಿ ಯಾವದರ ಒಂದ ನಂಬರ ಹಾಕವ್ವ” ಎನ್ನಲು ಹೋದೆ.

ಮಾಸ್ತರರು ನನ್ನ ಮಣಿಕಟ್ಟು ಹಿಡಿದರು. “ಹೇಳಿಕೊಡಬ್ಯಾಡ. ಎಲ್ಲಾ ಹಟ್ಟಿಗೂ ನೀ ಹೋಗಿ ಕುಂದ್ರತೀ ಏನು? ಸಾಲು ಅಳಿಸಿ ಬರಿ.”

ಅಲ್ಲೇ ಕಂಬಳಿಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ಕೆಂಪು ಸಾಲುಗಳು ಕನ್ನಡವಾದವು. ಮನೆ ನಂಬರ್ ಹೋಗಿ ‘ಕುರಿಗಳು ಈಗ ಎಲ್ಲಿವೆ’ ಎಂದಾಯಿತು. ಅವಳು ಐದನೆಯ ಸಲ ಓದಿದಳು. ಬೆರಳು ಎಲ್ಲೂ ನಿಲ್ಲಲಿಲ್ಲ. ತಾರೀಖು ಸಿಕ್ಕಿತು. ಅವರು ಹೊರಡುವುದಕ್ಕೆ ಎರಡು ದಿನ ಮುಂಚೆ ಲಸಿಕೆಯೂ ಆಯಿತು.

ಆ ದಿನ ಹಟ್ಟಿಯಿಂದ ತಿರುಗಿ ಬರುವಾಗ ತಡೆಯಲಾಗದೆ ಕೇಳಿದೆ. “ಸರ್, ಮುಚ್ಚಂಡಿ ಸಾಲ್ಯಾಗ ನನ್ನನ್ನ ಯಾಕ ಮೊದಲ ಓದಸ್ತಿದ್ರಿ?”

“ಜಾಣರು ನನ್ನ ತಪ್ಪ ಮುಚ್ಚಿ ಓದ್ತಿದ್ರು. ನೀ ನಿಂತಲ್ಲೆ ನನಗ ಅದು ಕಾಣ್ತಿತ್ತು” ಎಂದರು. ಸ್ವಲ್ಪ ನಡೆದ ಮೇಲೆ, “ನಾಕ ವರ್ಷ ನಿನ್ನ ಭಾಳ ದುಡಿಸಿಕೊಂಡೀನಿ” ಎಂದು ಸೇರಿಸಿದರು.



ಹೋದ ಚಳಿಗಾಲದಲ್ಲಿ ಮಾಸ್ತರರು ತೀರಿಕೊಂಡರು. ಹಟ್ಟಿಯ ಸೊಸೆಗೆ ಈಗ ಮರಾಠಿ ಚೆನ್ನಾಗಿಯೇ ಬರುತ್ತದೆ, ಹಾಗಾಗಿ ಅವಳೂ ನನ್ನ ಕೆಲಸಕ್ಕೆ ಒದಗುವುದಿಲ್ಲ. ಪ್ರತಿ ಹೊಸ ಪುಟ ಹಿಡಿದುಕೊಂಡು, ಸುತ್ತಲಿನ ಅಸಂಗಿಗೋ ಡಫಳಾಪುರಕ್ಕೋ ಹೊಸದಾಗಿ ಬಂದ ಸೊಸೆಯಂದಿರನ್ನು ಹುಡುಕಿಕೊಂಡು ಹೋಗುತ್ತೇನೆ. ಓದುತ್ತ ಓದುತ್ತ ಅವರು ನಿಂತು, ತಮ್ಮದೇ ತಪ್ಪೆಂಬಂತೆ ತಲೆ ತಗ್ಗಿಸುತ್ತಾರೆ. “ತಪ್ಪ ನಿಮ್ಮದಲ್ರಿ, ನಂದು” ಎನ್ನುತ್ತೇನೆ, ಆ ಸಾಲನ್ನು ಅಳಿಸುತ್ತೇನೆ.