ಕೊಳಕೂರಲ್ಲಿ ಬಲ್ಬು ಬೆಳ್ಳಗಾದ ದಿನ

ಮೊನ್ನೆ ಹಳೆಯ ಟ್ರಂಕು ಖಾಲಿ ಮಾಡುವಾಗ ನನ್ನ ಹೆಂಡತಿ ಒಂದು ಎಕ್ಸ್-ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, “ಇದು ಯಾರ ಎದಿರೀ?” ಎಂದು ಕೇಳಿದಳು. ಅದರಲ್ಲಿ ಎದೆ ಎಂಬುದೇನೂ ನೆಟ್ಟಗೆ ಕಾಣುತ್ತಿರಲಿಲ್ಲ, ಬರೀ ಬೆಳ್ಳನೆಯ ಮಂಜು. ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ನನ್ನದೇ ಅಕ್ಷರ: ‘ಸಂಶಯ’. ಮೂಗಿಗೆ ಹಿಡಿದೆ. ಇಷ್ಟು ವರ್ಷವಾದರೂ ಫಿಲ್ಮು ತೊಳೆಯುವ ದ್ರಾವಣದ ಹುಳಿ ವಾಸನೆ ಹೋಗಿಲ್ಲ ನೋಡಿ! ಮೈಯೆಲ್ಲ ಜುಮ್ಮೆಂದಿತು. ಹೆಂಡತಿ ಟ್ರಂಕು ಬಿಟ್ಟಳು, ನಾನು ಕತೆ ಹಿಡಿದೆ. ನೀವೂ ಕೂತುಕೊಳ್ಳಿ.

ಎಂಬತ್ತರ ದಶಕದ ಮಾತು. ಎಕ್ಸ್-ರೇ ಯಂತ್ರ ಹೊತ್ತ ಒಂದು ವ್ಯಾನು, ಅದಕ್ಕೊಬ್ಬ ಟೆಕ್ನಿಷಿಯನ್ನು ಅಂದರೆ ನಾನು, ಒಬ್ಬ ಡ್ರೈವರು ಅಂದರೆ ಖಾಜಾ ಮಾಮಾ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರೂರು ತಿರುಗಿ, ಬಹಳ ದಿನದಿಂದ ಕೆಮ್ಮುವವರ ಎದೆಯ ಫೋಟೊ ತೆಗೆಯುವುದು ನಮ್ಮ ಕೆಲಸ. ಯಾವ ಊರು ಮುಟ್ಟಿದರೂ ಮೊದಲು ಹುಡುಕುತ್ತಿದ್ದುದು ಹಿಟ್ಟಿನ ಗಿರಣಿಯನ್ನು. ಊರಿನ ಕರೆಂಟಿನಲ್ಲಿ ಸ್ವಲ್ಪ ಗಟ್ಟಿಯಾದದ್ದು ಅಲ್ಲೇ ಸಿಗುತ್ತಿತ್ತು. ವ್ಯಾನಿನ ಕೇಬಲ್ಲನ್ನು ಅಲ್ಲಿಗೆ ಜೋಡಿಸಿ, ಖಾಜಾ ಮಾಮಾ ಬಾಗಿಲಿಗೆ ನೂರು ಕ್ಯಾಂಡಲ್ಲಿನ ಒಂದು ಬಲ್ಬು ತೂಗಿಬಿಡುತ್ತಿದ್ದರು. ಅವರ ಪ್ರಕಾರ ವೋಲ್ಟೇಜಿಗೆ ಮೂರೇ ದರ್ಜೆ: ಕುಂಕುಮ, ಅರಿಶಿನ, ಹಾಲು.

“ಹಾಲಾಗೋತನಕ ಬಟನ್ ಮುಟ್ಟಬ್ಯಾಡ್ರಿ ಸಾಹೇಬ್ರ,” ಎನ್ನುತ್ತಿದ್ದರು.

ನನಗೆ ನಗು. ಗುಲಬರ್ಗಾದಲ್ಲಿ ತರಬೇತಿ ಮುಗಿಸಿ ಬಂದವನು ನಾನು! ನನ್ನ ಬಳಿ ಮೀಟರಿತ್ತು, ವೋಲ್ಟೇಜು ಏರಿಸುವ ಬೂಸ್ಟರಿತ್ತು, ಎಲ್ಲಕ್ಕಿಂತ ಮಿಗಿಲಾಗಿ ಇಸ್ತ್ರಿ ಮಾಡಿದ ಬಿಳಿ ಕೋಟಿತ್ತು. ಭೂಸನೂರಿನಲ್ಲಿ ಕಬ್ಬಿಗೆ ನೀರು ಬಿಟ್ಟ ದಿನ ಬಲ್ಬು ಕುಂಕುಮಕ್ಕಿಳಿದು, ಇಬ್ಬರೂ ಅರ್ಧ ದಿನ ಕಬ್ಬು ಜಗಿಯುತ್ತ ಕೂತದ್ದುಂಟು. ಹಾಗೆ ಕೂರುವುದು ನನ್ನ ವಿದ್ಯೆಗೇ ಅವಮಾನವೆಂದು ಒಳಗೊಳಗೇ ಕುದಿಯುತ್ತಿದ್ದೆ. ಕಬ್ಬು ಮಾತ್ರ ಸಿಹಿಯಾಗಿತ್ತು, ಸುಳ್ಳು ಹೇಳಬಾರದು.

ಕೊಳಕೂರಿಗೆ ಹೋದದ್ದು ಶೇಂಗಾಕ್ಕೆ ನೀರುಣಿಸುವ ದಿನಗಳಲ್ಲಿ. ಸುತ್ತಲ ಬಾವಿಗಳಲ್ಲೆಲ್ಲ ಮೋಟರುಗಳ ಸದ್ದು. ಸಾಲಿನ ಮೊದಲಿಗೆ ಶರಣಮ್ಮ ಎಂಬ ಹರೆಯದ ಸೊಸೆ, ಹಿಂದೆ ಅವಳ ಅತ್ತೆ ನಾಗಮ್ಮ, ನಾಗಮ್ಮನ ಸೊಂಟದಲ್ಲಿ ಒಂದೂವರೆ ವರ್ಷದ ಕೂಸು. ಶರಣಮ್ಮನಿಗೆ ಎರಡು ತಿಂಗಳಿಂದ ಕೆಮ್ಮು. ಟಿ.ಬಿ. ಇರಬೇಕೆಂದು ಊರೇ ತೀರ್ಮಾನಿಸಿತ್ತು. ಅವಳು ಉಣ್ಣುವ ಗಂಗಾಳ ಮನೆಯ ಹೊರಗಿನ ಗೂಟಕ್ಕೆ ಹೋಗಿತ್ತು, ಕೂಸು ಅತ್ತೆಯ ಕೈಗೆ. ಅವಳು ನನ್ನನ್ನು ಕೇಳಿದ್ದು ಒಂದೇ ಮಾತು: “ಕೂಸಿಗಿ ಯಾವಾಗ ಎತ್ಕೋಬಹುದ್ರಿ?”

ಬಲ್ಬು ಅರಿಶಿನ. ಕಾಯುವ ತಾಳ್ಮೆ ನನಗೆಲ್ಲಿ? ಬೂಸ್ಟರಿನ ಕಿವಿ ಹಿಂಡಿ ಕೊನೆಯ ನಂಬರಿಗೆ ತಂದೆ. ಮೀಟರಿನ ಮುಳ್ಳು ನೆಟ್ಟಗೆ ನಿಂತಿತು. ಗುಂಡಿ ಒತ್ತಿದೆ. ಫಿಲ್ಮು ತೊಳೆದು ನೋಡಿದರೆ ಎದೆಯ ತುಂಬ ಬಿಳುಪು. ಗಾಳಿಯಾಡುವ ಶ್ವಾಸಕೋಶ ಫಿಲ್ಮಿನಲ್ಲಿ ಕಪ್ಪಾಗಿ ಮೂಡಬೇಕು, ರೋಗವಿದ್ದ ಜಾಗ ಬಿಳಿ. ನಾನು ಲಕೋಟೆ ತೆಗೆದು ‘ಸಂಶಯ’ ಎಂದು ಬರೆದೇಬಿಟ್ಟೆ.

“ನಿಲ್ರಿ ಸಾಹೇಬ್ರ,” ಖಾಜಾ ಮಾಮಾ ಬಾಗಿಲಲ್ಲಿ ನಿಂತಿದ್ದರು. “ಸುತ್ತ ಇಷ್ಟು ಮೋಟರ್ ಕರೆಂಟ್ ಎಳ್ಯಾಕತ್ತಾವ, ನೀವು ಬಟನ್ ಒತ್ತಿದಾಗ ಬಲ್ಬ್ ಕುಂಕುಮ ಆತು. ನಾ ಹೊರಗ ನಿಂತು ನೋಡೀನಿ.”

“ಮೀಟರ್ ಸರಿ ಇತ್ತಲ್ಲ ಮಾಮಾ!”

“ಒತ್ತೂಕಿಂತ ಮೊದ್ಲ ಸರಿ ಇತ್ರಿ. ಒತ್ತಿದಾಗ ನೀವು ಮೀಟರ್ ಎಲ್ಲಿ ನೋಡಿದ್ರಿ?”

ನೋಡಿರಲಿಲ್ಲ. ಯಂತ್ರದ ಭಾರ ಬಿದ್ದ ಕ್ಷಣ ವೋಲ್ಟೇಜು ಕುಸಿದಿತ್ತು, ಕಸುವಿಲ್ಲದ ಕಿರಣ ಎದೆಯನ್ನು ದಾಟಿರಲೇ ಇಲ್ಲ. ಆ ಬಿಳುಪು ರೋಗದ್ದಲ್ಲದಿರಬಹುದು. ನನ್ನ ಕಿವಿ ಬಿಸಿಯಾಯಿತು.

ನಾಗಮ್ಮ ಇದನ್ನೆಲ್ಲ ಕೇಳುತ್ತ ನಿಂತಿದ್ದಳು. “ಮೋಟರ್ ಬಂದ್ ಆದ್ರ ಫೋಟೊ ಖರೇ ಬರ್ತದೇನ್ರಿ?” ಎಂದಳು. ನಾನು ಹೂಂ ಎನ್ನುವುದರೊಳಗೆ ಕೂಸನ್ನು ಗಿರಣಿಯವಳ ಕೈಗಿಟ್ಟು, ಸೀರೆ ಎತ್ತಿ ಕಟ್ಟಿ, ಹೊಲದ ಕಡೆ ಓಡಿಯೇಬಿಟ್ಟಳು!

“ಏ ಬಸಣ್ಣಾ, ಮೋಟರ್ ಬಂದ್ ಮಾಡೋ! ನಮ್ಮ ಸೊಸಿ ಎದಿ ಫೋಟೊ ತೆಗೀಬೇಕು!”

ಕರೆಂಟು ಬರುತ್ತಿದ್ದುದೇ ದಿನಕ್ಕೆ ಕೆಲವು ತಾಸು. ಆ ಹೊತ್ತಿನಲ್ಲಿ ನೀರು ನಿಲ್ಲಿಸೆಂದು ಯಾರಿಗಾದರೂ ಹೇಳಿ ನೋಡಿ! ಆದರೆ ಬಸಣ್ಣನ ಮೋಟರಿನ ಸದ್ದು ನಿಂತಿತು. ಆಮೇಲೆ ಆಚೆ ಬಾವಿಯದು. ಬಲ್ಬಿಗೆ ಜೀವ ಬರತೊಡಗಿತು. ನಾನು ಬಾಯಿ ತೆರೆದು ಅದನ್ನೇ ನೋಡುತ್ತಿದ್ದರೆ ಖಾಜಾ ಮಾಮಾ ಒಳಗೆ ಹಾರಿ ಬಂದರು.

“ಬೂಸ್ಟರ್ ಇಳಸ್ರಿ! ಹಂಗ ಬಿಟ್ರ ಮಷಿನ್ ಸುಟ್ಟು ಹೋಗ್ತದ!”

ಒಂದೊಂದು ಮೋಟರು ನಿಂತಾಗಲೂ ನಾನು ಒಂದೊಂದು ನಂಬರು ಇಳಿಸಿದೆ. ಹೊರಗೆ ಸೇರಿದ ಜನಕ್ಕೆ ಆಗಲೇ ಮಾಮಾನ ಲೆಕ್ಕ ಅರ್ಥವಾಗಿತ್ತು. “ಅರಿಶಿನಾ... ಅರಿಶಿನಾ...” ಎನ್ನುತ್ತಿದ್ದವರು ಒಮ್ಮೆಲೇ “ಹಾಲು! ಹಾಲು!” ಎಂದು ಕೂಗೆಬ್ಬಿಸಿದರು. ಈ ಸಲ ಮುಳ್ಳಿನಿಂದ ಕಣ್ಣು ಕೀಳದೆ ಗುಂಡಿ ಒತ್ತಿದೆ.

ಎರಡನೆಯ ಫಿಲ್ಮಿನಲ್ಲಿ ಎರಡೂ ಶ್ವಾಸಕೋಶ ಕಪ್ಪಗೆ, ಸ್ವಚ್ಛವಾಗಿ ಮೂಡಿದ್ದವು! ಕುಣಿಯಬೇಕೆನಿಸಿತು, ಬಿಳಿ ಕೋಟು ಅಡ್ಡ ಬಂತು. ಮರುದಿನ ಜೇವರ್ಗಿಯಲ್ಲಿ ಡಾಕ್ಟರು ಫಿಲ್ಮನ್ನೂ, ನಾವು ಡಬ್ಬಿಯಲ್ಲಿ ಒಯ್ದಿದ್ದ ಅವಳ ಕಫದ ಪರೀಕ್ಷೆಯನ್ನೂ ನೋಡಿ, ಟಿ.ಬಿ. ಅಲ್ಲವೆಂದು ಹೇಳಿ, ಕೆಮ್ಮಿಗೆ ಔಷಧಿ ಕೊಟ್ಟರು. ಅದನ್ನು ಹಿಡಿದು ನಾವು ಮತ್ತೆ ಕೊಳಕೂರಿಗೆ ವ್ಯಾನು ಓಡಿಸಿದೆವು.

ಸುದ್ದಿ ಕೇಳಿದ ನಾಗಮ್ಮ ನೆಟ್ಟಗೆ ಗೂಟದ ಕಡೆ ನಡೆದಳು. ಗಂಗಾಳ ತೆಗೆದು ಒಳಗಿಟ್ಟು ಬಂದಳು. ಆಮೇಲೆ ಕೂಸನ್ನು ಸೊಸೆಯ ತೋಳಿಗೆ ಹಾಕಿದಳು. ರೂಢಿ ತಪ್ಪಿದ ಕೂಸು ಕೊಸರಾಡಿತು, ಶರಣಮ್ಮ ಬಿಡಲಿಲ್ಲ. ನನ್ನ ಕಣ್ಣು ತುಂಬಿತು. ಕಂಬದ ತಂತಿ ಪರೀಕ್ಷಿಸುವವನ ಹಾಗೆ ಮುಖ ಮೇಲೆತ್ತಿ ನಿಂತೆ.

ಈ ಕತೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಆದರೆ ಹೇಳಿದಾಗಲೆಲ್ಲ ಬಲ್ಬು ಕೆಂಪಾದದ್ದನ್ನು ಕಂಡವನು ನಾನೇ ಆಗಿರುತ್ತಿದ್ದೆ. ಖಾಜಾ ಮಾಮಾ ಬರೀ ವ್ಯಾನು ಓಡಿಸುತ್ತಿದ್ದರು. ಮೊನ್ನೆ ಆ ಬೆಳ್ಳನೆಯ ಫಿಲ್ಮು ಕಣ್ಣ ಮುಂದಿದ್ದುದರಿಂದಲೋ ಏನೋ, ಮೊದಲ ಸಲ ನಡೆದದ್ದನ್ನು ನಡೆದ ಹಾಗೆ ಹೇಳಿದೆ.

ಹೆಂಡತಿ ನಕ್ಕಳು. “ನಂಗ ಮೊದ್ಲ ಗೊತ್ತಿತ್ತ ಬಿಡ್ರಿ. ಮನ್ಯಾಗ ಬಲ್ಬ್ ಹೋದ್ರ ಮೂರು ದಿನ ನಿಮಗ ಕಾಣಂಗಿಲ್ಲ.”

ಪೆನ್ನು ತರಿಸಿಕೊಂಡು ಲಕೋಟೆಯ ಮೇಲಿನ ‘ಸಂಶಯ’ ಹೊಡೆದುಹಾಕಿದೆ. ಅದರ ಕೆಳಗೆ ‘ಕರೆಂಟಿನ ತಪ್ಪು’ ಎಂದು ಬರೆದೆ. ಸ್ವಲ್ಪ ಹೊತ್ತು ಅದನ್ನೇ ನೋಡಿ, ಅದನ್ನೂ ಹೊಡೆದುಹಾಕಿದೆ. ‘ನನ್ನ ತಪ್ಪು. ತಡೆದವರು ಖಾಜಾ ಮಾಮಾ’ ಎಂದು ಬರೆದು ಹೆಂಡತಿಯ ಕೈಗೆ ಕೊಟ್ಟೆ. ಅವಳು ಅದನ್ನು ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಳು.